ಕಾಲಬುಡದ ಪುಟ್ಟ ಮಿಕ್ಸರ್



"ನನಗೊಂದು ಮಿಕ್ಸರ್ ಬೇಕು" ಎಂದು ಮಗ ಊಟದ ಮೇಜಿನಲ್ಲಿ ಹೇಳಿದಾಗ, "ಇರುವ ಮಿಕ್ಸಿಗೆ ಏನಾಗಿದೆ? ಕಳೆದ ವರ್ಷವಷ್ಟೇ ಜಾರ್ ಬದಲಿಸಿದ್ದೇವಲ್ಲ" ಎಂದರು ಅಜ್ಜಿ. ಎಲ್ಲರೂ ನಕ್ಕೆವು. ಆದರೆ ಆ ನಗುವಿನ ಹಿಂದೆಯೇ ಒಂದು ಜಗಳವೂ ಬಂತು. ಗಿಟಾರ್ ಕೊಡಿಸಿದ್ದಾಯಿತು, ಪೆಡಲ್ ಬಂತು, ಈಗ ಮಿಕ್ಸರ್. ಇದಕ್ಕೆ ಕೊನೆ ಉಂಟೇ ಎಂದು ನಾವು ಕೇಳಿದೆವು. ಅವನು ಅನ್ನ ಬಿಟ್ಟು ಎದ್ದು ಹೋದ.

ನಾವಿಬ್ಬರೂ ಸಂಗೀತ ಕಲಿತವರಲ್ಲ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಮದುವೆ, ರೋಸ್, ಹಬ್ಬ ಎಂದರೆ ಹಾಡು ಇದ್ದೇ ಇರುತ್ತದೆ. ಗಿಟಾರ್ ಹಿಡಿದ ಹುಡುಗನೋ ಹುಡುಗಿಯೋ ಮನೆಗೊಬ್ಬರು ಸಿಗುತ್ತಾರೆ. ಹಾಗಾಗಿ ನಾವು ಮಾಡಿದ ತಪ್ಪುಗಳನ್ನೂ ಕಲಿತದ್ದನ್ನೂ ಈ ಸಲ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಅವನ ಹತ್ತಿರ ಇದ್ದದ್ದು ಇಷ್ಟು: ಒಂದು ಎಲೆಕ್ಟ್ರಿಕ್ ಗಿಟಾರ್, ಹಲಗೆಯ ಮೇಲೆ ಸಾಲಾಗಿ ಕೂರಿಸಿದ ಮೂರು ಪೆಡಲುಗಳು, ತಾಳಕ್ಕೆ ಮೊಬೈಲ್, ಹಾಡಲು ಒಂದು ಮೈಕ್. ಧ್ವನಿ ಹೊರಡಲು ಇದ್ದದ್ದು ಒಂದೇ ಒಂದು ಸ್ಪೀಕರ್, ಅದಕ್ಕೂ ಒಂದೇ ತೂತು. ಮೂರು ಧ್ವನಿಗಳು, ಒಂದು ಬಾಗಿಲು. ಅವುಗಳನ್ನು ಹದವಾಗಿ ಬೆರೆಸಿ ಒಂದೇ ದಾರಿಯಲ್ಲಿ ಕಳುಹಿಸುವುದೇ ಮಿಕ್ಸರ್‌ನ ಕೆಲಸ. ಅವನು ಕೇಳಿದ್ದು ಶೋಕಿಗಲ್ಲ ಎಂದು ನಮಗೆ ಅರ್ಥವಾದದ್ದು ತಡವಾಗಿ.

ಮೊದಲು ನಾವು ಹೇಳಿದ್ದು, "ಎರಡು ವಯರ್ ಒಂದಕ್ಕೆ ಸೇರಿಸುವ ಅಗ್ಗದ ಕೇಬಲ್ ಸಿಗುತ್ತದಲ್ಲ, ಸಾಲದೇ?" ಎಂದು. ಸಾಲದು. ಒಂದು ಧ್ವನಿಯನ್ನು ಎರಡು ಕಡೆಗೆ ಹಂಚಲು ಆ ಕೇಬಲ್ ಆದೀತು, ಎರಡನ್ನು ಒಂದಾಗಿಸಲು ಅಲ್ಲ. ಎರಡು ಯಂತ್ರಗಳ ಔಟ್‌ಪುಟ್‌ಗಳನ್ನು ನೇರವಾಗಿ ಜೋಡಿಸಿದರೆ ಒಂದು ಇನ್ನೊಂದಕ್ಕೆ ಭಾರವಾಗಿ ಧ್ವನಿ ಕುಗ್ಗುತ್ತದೆ, ಒಡೆಯುತ್ತದೆ. ಮಿಕ್ಸರ್‌ನ ಒಳಗೆ ಪ್ರತಿ ದಾರಿಗೂ ರೆಸಿಸ್ಟರ್ ಇಟ್ಟು, ಒಂದು ಮತ್ತೊಂದನ್ನು ತಳ್ಳದ ಹಾಗೆ ಬೇರೆ ಮಾಡಿ, ಆಮೇಲೆ ಕೂಡಿಸಿರುತ್ತಾರೆ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಮಗನ ಮುನಿಸು ತೀರಿಸಲು, ಅವನನ್ನು ಕೇಳದೆಯೇ ಪೇಟೆಗೆ ಹೋಗಿ ಎಂಟು ಚಾನೆಲ್‌ನ ಮಿಕ್ಸರ್ ತಂದೆವು. ದೊಡ್ಡದಾದರೆ ಒಳ್ಳೆಯದಿರಬೇಕು ಎಂದು ನಮ್ಮ ಲೆಕ್ಕ. ಪೆಡಲಿನ ಹಲಗೆಯ ಮೇಲೆ ಅದಕ್ಕೆ ಜಾಗವೇ ಇಲ್ಲ. ಪಕ್ಕದಲ್ಲಿ ಮೇಜಿಟ್ಟು ಅದರ ಮೇಲೆ ಕೂರಿಸಬೇಕು. ಬಸ್ಸಿನಲ್ಲಿ ಹೊತ್ತು ಹೋಗುವುದಂತೂ ಆಗದ ಮಾತು. ಎಂಟರಲ್ಲಿ ಐದು ಚಾನೆಲ್ ಖಾಲಿಯೇ ಉಳಿದವು.

ಕೊನೆಗೆ ನಮ್ಮ ಗಾಯನ ಮಂಡಳಿಯ ಹಿರಿಯ ಕೀಬೋರ್ಡ್ ವಾದಕರು ಮನೆಗೆ ಬಂದರು. ಅವರು ಮೊದಲು ಕೇಳಿದ್ದು ಒಂದು ಹಾಳೆ ಮತ್ತು ಪೆನ್ನು. "ಎಡಗಡೆ ಒಳಗೆ ಬರುವುದೆಲ್ಲ ಬರಿ, ಬಲಗಡೆ ಹೊರಗೆ ಹೋಗುವುದೆಲ್ಲ ಬರಿ. ಈ ಚೀಟಿ ಇಲ್ಲದೆ ಯಾರೂ ಅಂಗಡಿಗೆ ಹೋಗಬಾರದು" ಎಂದರು. ಆ ಹಾಳೆ ಇಟ್ಟುಕೊಂಡೇ ಅವರು ಹೇಳಿಕೊಟ್ಟದ್ದು ಹೀಗೆ.

ಒಂದನೆಯದು, ಒಳಗೆ ಬರುವ ಧ್ವನಿಯ ಬಗೆ. ಎಲ್ಲ ಧ್ವನಿಗಳಿಗೂ ಒಂದೇ ಬಲವಿಲ್ಲ. ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಗಿಟಾರ್ ಅದಕ್ಕಿಂತ ಹೆಚ್ಚು. ಮೊಬೈಲ್, ಕೀಬೋರ್ಡ್‌ಗಳದ್ದು ಇನ್ನೂ ಹೆಚ್ಚು. ಮೈಕ್ ಸೇರಿಸಬೇಕಾದರೆ ಮಿಕ್ಸರ್‌ನಲ್ಲಿ ಮೂರು ಕಡ್ಡಿಯ ಮೈಕ್ ಪ್ಲಗ್ ಹೊಗುವ ಜಾಗವೂ ಅದರದ್ದೇ ಗೇನ್ ಗುಂಡಿಯೂ ಇರಲೇಬೇಕು. ಬೆಹ್ರಿಂಗರ್ ಎಂಎಕ್ಸ್400ರಂಥ ಪುಟ್ಟ ಪೆಟ್ಟಿಗೆಗಳಲ್ಲಿ ನಾಲ್ಕು ಇನ್‌ಪುಟ್, ಒಂದು ಔಟ್‌ಪುಟ್, ನಾಲ್ಕು ವಾಲ್ಯೂಮ್ ಗುಂಡಿ ಇವೆ. ಕೀಬೋರ್ಡ್ ಅಥವಾ ಪೆಡಲುಗಳ ಧ್ವನಿ ಕೂಡಿಸಲು ಅದು ಸಾಕು, ಮೈಕ್‌ಗೆ ಸಾಲದು. ಬಾಸ್ ಎಲ್ಎಸ್-2 ಎಂಬುದು ನೋಡಲು ಪೆಡಲ್‌ನ ಹಾಗೆಯೇ ಇದೆ. ಎರಡು ದಾರಿಗಳ ಧ್ವನಿಯನ್ನು ಬೆರೆಸಲೂಬಹುದು, ಕಾಲಿನಿಂದ ಒತ್ತಿ ಬದಲಿಸಲೂಬಹುದು. ಯಾವುದು ಒಳ್ಳೆಯದು ಎಂಬುದಲ್ಲ, ನಿಮ್ಮ ಚೀಟಿಗೆ ಯಾವುದು ಹೊಂದುತ್ತದೆ ಎಂಬುದೇ ಪ್ರಶ್ನೆ.

ಎರಡನೆಯದು, ಗಿಟಾರ್‌ನ ನಾಜೂಕು. ಇದನ್ನು ಅವರು ನಮ್ಮೂರ ಸುರಂಗದ ಉದಾಹರಣೆಯಿಂದ ವಿವರಿಸಿದರು. ಸುರಂಗದಲ್ಲಿ ಸಣ್ಣಗೆ ಜಿನುಗುವ ನೀರಿಗೆ ದೊಡ್ಡ ಪಂಪು ಕೂರಿಸಿದರೆ ಏನಾದೀತು? ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ಕೂಡ ಹಾಗೆ. ಅದನ್ನು ಹೆಚ್ಚು ಎಳೆಯದ, ಸುಮಾರು 1 ಮೆಗಾ ಓಮ್‌ನ ಇನ್‌ಪುಟ್ ಅದಕ್ಕೆ ಬೇಕು. ಸಾಮಾನ್ಯ ಮಿಕ್ಸರ್‌ನ ಲೈನ್ ಇನ್‌ಪುಟ್ 10, 20 ಕಿಲೋ ಓಮ್ ಇರುತ್ತದೆ. ಅದಕ್ಕೆ ನೇರ ಸಿಕ್ಕಿಸಿದರೆ ತಂತಿಯ ಕಿಣಿಕಿಣಿ ಸತ್ತು, ಕಂಬಳಿ ಹೊದಿಸಿದಂತೆ ಕೇಳುತ್ತದೆ. ನಡುವೆ ಬಫರ್ ಇರುವ ಪೆಡಲ್ ಒಂದಿದ್ದರೆ ಈ ತೊಂದರೆ ಇಲ್ಲ. ಬ್ಯಾಟರಿ ಹಾಕುವ ಪ್ರೀಆಂಪ್ ಇರುವ ಅಕೌಸ್ಟಿಕ್ ಗಿಟಾರ್‌ಗೂ ಚಿಂತೆಯಿಲ್ಲ. ಯಾವ ಪೆಡಲೂ ಇಲ್ಲದವರು ಗಿಟಾರ್‌ಗೆಂದೇ ಹೈ-ಝೆಡ್ ಎಂಬ ಗುರುತಿನ ಇನ್‌ಪುಟ್ ಇದೆಯೇ ಎಂದು ನೋಡಬೇಕು.

ಮೂರನೆಯದು, ಮಿಕ್ಸರ್ ಇಡುವ ಸ್ಥಾನ. ಅದು ಪೆಡಲುಗಳ ಸಾಲಿನ ಕೊನೆಯಲ್ಲಿರಲಿ. ಗಿಟಾರ್‌ನ ಧ್ವನಿ ಎಲ್ಲ ಪೆಡಲು ದಾಟಿ ಮಿಕ್ಸರ್‌ಗೆ ಬರಬೇಕು. ಮೊಬೈಲ್‌ನ ತಾಳ ನೇರವಾಗಿ ಮಿಕ್ಸರ್‌ಗೆ ಬರಬೇಕು. ತಾಳವೂ ಡಿಸ್ಟಾರ್ಷನ್ ಪೆಡಲ್ ಒಳಗೆ ಹೊಕ್ಕರೆ ಕೇಳುವುದು ಗಿರಣಿಯ ಶಬ್ದ. ಮೊಬೈಲ್‌ನದ್ದು ಎರಡು ದಾರಿಯ ಸ್ಟೀರಿಯೋ. ಆದ್ದರಿಂದ ಎರಡು ಪ್ಲಗ್‌ಗಳಾಗಿ ಕವಲೊಡೆಯುವ ಕೇಬಲ್ ತಂದು ಎರಡು ಚಾನೆಲ್‌ಗೆ ಕೊಡಿ. ಚಾನೆಲ್ ಕಡಿಮೆ ಇದ್ದರೆ, ಮೊಬೈಲ್‌ನ ಸೆಟ್ಟಿಂಗ್‌ನಲ್ಲಿ ಮೋನೋ ಮಾಡಿ, ಅದೇ ಕೇಬಲ್‌ನ ಒಂದೇ ಪ್ಲಗ್ ಸಿಕ್ಕಿಸಿದರೆ ಸಾಕು. ಬ್ಲೂಟೂತ್ ಬೇಡ, ಧ್ವನಿ ತುಸು ತಡವಾಗಿ ಬಂದು ತಾಳ ತಪ್ಪುತ್ತದೆ.

ನಾಲ್ಕನೆಯದು, ಅಳತೆ ಮತ್ತು ಗುಂಡಿಗಳು. ಹಲಗೆಯ ಮೇಲೆ ಉಳಿದ ಜಾಗವನ್ನು ಸ್ಕೇಲ್ ಇಟ್ಟು ಅಳೆಯಿರಿ. ಪ್ಲಗ್‌ಗಳು ಚಾಚಿಕೊಳ್ಳುವ ಜಾಗವನ್ನೂ ಸೇರಿಸಿ. ಗುಂಡಿಗಳು ಕಾಲಿಗೆ ತಗಲುವಂತಿದ್ದರೆ ಹಾಡಿನ ಮಧ್ಯೆ ವಾಲ್ಯೂಮ್ ತಿರುಗಿಹೋಗುತ್ತದೆ. ಪೆಟ್ಟಿಗೆ ಲೋಹದ್ದಾದರೆ ಹೆಚ್ಚು ಕಾಲ ಬಾಳುತ್ತದೆ.

ಐದನೆಯದನ್ನು ನಾವು ನಷ್ಟಪಟ್ಟೇ ಕಲಿತೆವು. ಪೆಡಲುಗಳು ಹೆಚ್ಚಾಗಿ ನಡೆಯುವುದು 9 ವೋಲ್ಟ್ ಡಿಸಿಯಲ್ಲಿ, ಪ್ಲಗ್‌ನ ನಡುವೆ ಮೈನಸ್. ನಾವು ತಂದ ಮಿಕ್ಸರ್‌ನ ಅಡಾಪ್ಟರ್ ಕೊಡುತ್ತಿದ್ದದ್ದು 18 ವೋಲ್ಟ್ ಎಸಿ. ಎರಡರ ಪಿನ್ನೂ ನೋಡಲು ಒಂದೇ. ಒಂದು ಸಂಜೆ ನಮ್ಮಲ್ಲೇ ಒಬ್ಬರು, ಸಹಾಯ ಮಾಡಲು ಹೋಗಿ, ಮಿಕ್ಸರ್‌ನ ಪಿನ್ನನ್ನು ಪೆಡಲ್‌ಗೆ ಸಿಕ್ಕಿಸಿದೆವು. ಸಣ್ಣ ವಾಸನೆ, ಅಷ್ಟೇ. ಅದು ಅವನು ಟ್ಯೂಷನ್ ಹೇಳಿದ ಹಣದಲ್ಲಿ ಕೊಂಡ ಮೊದಲ ಪೆಡಲ್. ಅವನು ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಮಿಕ್ಸರ್ ಕೊಳ್ಳುವಾಗ ಅದರ ವೋಲ್ಟ್, ಎಸಿಯೋ ಡಿಸಿಯೋ, ಪ್ಲಸ್ ಮೈನಸ್ ಎಲ್ಲಿ, ಎಷ್ಟು ಮಿಲಿ ಆಂಪಿಯರ್ ಎಳೆಯುತ್ತದೆ ಎಂದು ಓದಿಯೇ ಕೊಳ್ಳಿ. ಈಗ ನಮ್ಮ ಮನೆಯಲ್ಲಿ ಪ್ರತಿ ಅಡಾಪ್ಟರ್‌ಗೂ ಅದರ ಯಂತ್ರಕ್ಕೂ ಒಂದೇ ಬಣ್ಣದ ದಾರ ಕಟ್ಟಿದ್ದೇವೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಒಂದು ರೋಸ್ ಕಾರ್ಯಕ್ರಮದಲ್ಲಿ ಮಗ ಗಿಟಾರ್ ಹಿಡಿದು ಮೈಕ್‌ಗೆ ಬಾಯಿ ಕೊಟ್ಟಾಗ ತುಟಿಗೆ ಚುರುಕ್ ಎಂದಿತು. ಸ್ಪೀಕರ್‌ನಲ್ಲೂ ಗುಂಯ್ ಎಂಬ ಶಬ್ದ. ಯಾರೋ ಒಬ್ಬರು, "ಅರ್ಥ್ ಪಿನ್ ಮುರಿದುಬಿಡಿ, ಶಬ್ದ ನಿಲ್ಲುತ್ತದೆ" ಎಂದರು. ಅಲ್ಲಿದ್ದ ಎಲೆಕ್ಟ್ರಿಷಿಯನ್ ಕೂಡಲೇ ಮೈನ್ ಸ್ವಿಚ್ ಇಳಿಸಿದರು. ಒಂದು ಸಾಕೆಟ್‌ಗೆ ಅರ್ಥ್ ತಂತಿಯೇ ಇರಲಿಲ್ಲ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ, ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟರು. ಒಂದು ಕೈ ತಂತಿಯ ಮೇಲೆ, ಇನ್ನೊಂದು ಮೈಕ್‌ನ ಮೇಲೆ. ನಮ್ಮ ಮಗ ನಿಂತದ್ದೂ ಹಾಗೆಯೇ. ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ.

ಆದ್ದರಿಂದ ಅರ್ಥ್ ಪಿನ್ ಎಂದೂ ಮುರಿಯಬೇಡಿ. ಸ್ಪೀಕರ್, ಮಿಕ್ಸರ್, ಪೆಡಲ್ ಎಲ್ಲವಕ್ಕೂ ಅರ್ಥ್ ಇರುವ ಒಂದೇ ಸಾಕೆಟ್‌ನಿಂದ ಕರೆಂಟ್ ಕೊಡಿ. ಹೆಚ್ಚಿನ ಗುಂಯ್ ಶಬ್ದ ಅಷ್ಟರಿಂದಲೇ ಕಡಿಮೆಯಾಗುತ್ತದೆ. ಆದರೂ ಉಳಿದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಬಳಸಿ. ಅದು ಧ್ವನಿಯ ದಾರಿಯನ್ನು ಮಾತ್ರ ಬೇರ್ಪಡಿಸುತ್ತದೆ, ರಕ್ಷಣೆಯನ್ನಲ್ಲ. ಮನೆಯ ವಯರಿಂಗ್‌ಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ತುಲಾ ತಿಂಗಳ ಸಂಜೆಯ ಗುಡುಗು ಸಿಡಿಲಿಗೆ ಎಲ್ಲ ಪ್ಲಗ್ ಕಿತ್ತಿಡಿ.

ಹೆಡ್‌ಫೋನ್ ಔಟ್‌ಪುಟ್ ಇರುವ ಮಿಕ್ಸರ್ ಆದರೆ ರಾತ್ರಿ ಅಭ್ಯಾಸಕ್ಕೆ ಅನುಕೂಲ, ನೆರೆಮನೆಯವರಿಗೂ ನೆಮ್ಮದಿ. ಆದರೆ ಕಿವಿ ಜೋಪಾನ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್ ಹೇಳುವಂತೆ 85 ಡೆಸಿಬೆಲ್ ಶಬ್ದಕ್ಕೆ ದಿನಕ್ಕೆ 8 ಗಂಟೆಯ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಬರೀ 15 ನಿಮಿಷ. ಗುಂಡಿಯನ್ನು ಸೊನ್ನೆಗಿಳಿಸಿಯೇ ಹೆಡ್‌ಫೋನ್ ಸಿಕ್ಕಿಸಬೇಕು. ಸ್ಪೀಕರನ್ನು ಕೊನೆಗೆ ಹಾಕಿ, ಮೊದಲು ಆರಿಸಬೇಕು.

ಕೊನೆಗೆ ಆ ಎಂಟು ಚಾನೆಲ್‌ನದ್ದನ್ನು ಪರಿಚಿತರಿಗೆ ಕಡಿಮೆ ಬೆಲೆಗೆ ಕೊಟ್ಟೆವು. ಚೀಟಿ ಹಿಡಿದು, ಅವನ ಗಿಟಾರನ್ನೂ ಪೆಡಲುಗಳನ್ನೂ ಹೊತ್ತು, ಮೂವರೂ ಒಟ್ಟಿಗೆ ಮಂಗಳೂರಿಗೆ ಹೋದೆವು. ಒಂದು ಮೈಕ್, ಒಂದು ಸ್ಟೀರಿಯೋ ಜೋಡಿ, ಗಿಟಾರ್‌ಗೆ ಒಂದು ಇನ್‌ಪುಟ್, ಹೆಡ್‌ಫೋನ್ ತೂತು ಇರುವ, ಅಂಗೈಗಿಂತ ತುಸು ದೊಡ್ಡ ಪೆಟ್ಟಿಗೆ ಸಿಕ್ಕಿತು. ಅಂಗಡಿಯಲ್ಲೇ ನುಡಿಸಿ ನೋಡಿದ ಮೇಲೆ ಹಣ ಕೊಟ್ಟೆವು. ಮೊದಲು ಕೊಟ್ಟದ್ದಕ್ಕಿಂತ ಕಡಿಮೆಯೇ ಆಯಿತು.

ಒಂದು ಗಿಟಾರ್, ಒಂದು ಆಂಪ್ಲಿಫೈಯರ್ ಮಾತ್ರ ಇರುವವರಿಗೆ ಮಿಕ್ಸರ್ ಬೇಕಿಲ್ಲ. ಆ ಹಣ ಒಳ್ಳೆಯ ಕೇಬಲ್‌ಗೆ ಹೋಗಲಿ. ಆದರೆ ಮಕ್ಕಳು ಏನಾದರೂ ಕೇಳಿದಾಗ "ಯಾಕೆ" ಎಂದು ಗದರುವ ಬದಲು "ಯಾವುದಕ್ಕೆ, ತೋರಿಸು" ಎಂದು ಹಾಳೆ ಪೆನ್ನು ಕೊಟ್ಟು ಪಕ್ಕದಲ್ಲಿ ಕೂರೋಣ. ನಾವು ಅಂದೇ ಹಾಗೆ ಕೂತಿದ್ದರೆ ಆ ಪೆಡಲ್ ಇಂದಿಗೂ ನುಡಿಯುತ್ತಿತ್ತು. ಅದನ್ನು ಮಗ ಎಸೆದಿಲ್ಲ, ಹಲಗೆಯ ಮೂಲೆಯಲ್ಲಿ ಹಾಗೆಯೇ ಇಟ್ಟಿದ್ದಾನೆ. ಅಜ್ಜಿ ಮಾತ್ರ ಈಗಲೂ ಕೇಳುತ್ತಾರೆ, "ಇದರಲ್ಲಿ ಚಟ್ನಿ ಆಗುವುದಿಲ್ಲವಲ್ಲ?" ಎಂದು.