ಲಾರಿಯ ಬಾಗಿಲ ಮೇಲಿನ ಹೆಸರು

2023ರ ಜುಲೈ 30ರಂದು ಅಮೆರಿಕದ ಯೆಲ್ಲೋ ಎಂಬ ಸರಕು ಸಾಗಣೆ ಕಂಪನಿ ಕೆಲಸ ನಿಲ್ಲಿಸಿತು. ಇನ್ನೊಂದು ವರ್ಷ ಉಳಿದಿದ್ದರೆ ಅದಕ್ಕೆ ನೂರು ತುಂಬುತ್ತಿತ್ತು. ಸುಮಾರು 30 ಸಾವಿರ ಮಂದಿಯ ನೌಕರಿ ಹೋಯಿತು. ಅವರಲ್ಲಿ 22 ಸಾವಿರದಷ್ಟು ಜನ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘಕ್ಕೆ ಸೇರಿದವರು. ಒಂದು ವಾರ ಕಳೆಯುವಷ್ಟರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಊರೂರಿನ ಟರ್ಮಿನಲ್‌ಗಳು ಮಾರಾಟಕ್ಕೆ ಬಂದವು.

ಹೀಗೆ ಕಣ್ಮರೆಯಾದ ಕಂಪನಿಗಳ ಹೆಸರು ಹೊತ್ತ ಹಳೆಯ ಲಾರಿಗಳು ಮಾತ್ರ ಅಮೆರಿಕದಲ್ಲಿ ಇಂದಿಗೂ ಓಡಾಡುತ್ತಿವೆ. 1971ರಲ್ಲಿ ಹುಟ್ಟಿದ ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿ ಪ್ರತಿವರ್ಷ ಒಂದೊಂದು ಊರಿನಲ್ಲಿ ಹಳೆಯ ಟ್ರಕ್‌ಗಳ ಮೇಳ ನಡೆಸುತ್ತದೆ. ಅಯೋವಾ ರಾಜ್ಯದ ವಾಲ್‌ಕಾಟ್‌ನಲ್ಲಿ ಹೆದ್ದಾರಿ ಬದಿಯ ಅಯೋವಾ 80 ಟ್ರಕ್ ನಿಲ್ದಾಣಕ್ಕೆ ಹೊಂದಿಕೊಂಡು ನೂರಕ್ಕೂ ಹೆಚ್ಚು ಹಳೆಯ ಟ್ರಕ್‌ಗಳ ಸಂಗ್ರಹಾಲಯವೇ ಇದೆ. ನಿವೃತ್ತ ಚಾಲಕರು, ಅವರ ಮಕ್ಕಳು, ಸಣ್ಣ ಟ್ರಕ್ ಮಾಲೀಕರು ತಮ್ಮ ಕೈಯಿಂದ ದುಡ್ಡು ಹಾಕಿ ಗುಜರಿ ಸೇರಬೇಕಿದ್ದ ಗಾಡಿಗಳನ್ನು ಎತ್ತಿ ನಿಲ್ಲಿಸುತ್ತಾರೆ. ಎಂಜಿನ್ ಸರಿಪಡಿಸಿ, ಬಣ್ಣ ಬಳಿದು, ಕೊನೆಗೆ ಬಾಗಿಲ ಮೇಲೆ ಮುಚ್ಚಿಹೋದ ಕಂಪನಿಯ ಹೆಸರನ್ನು ಮತ್ತೆ ಬರೆಸುತ್ತಾರೆ.

ಇದನ್ನು ಬರೀ ಹಳೆಯದರ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. ಹಳೆಯ ಲಾರಿ ಒಂದು ದಾಖಲೆ. ಓದಲು ಬಂದರೆ ಅದರಲ್ಲಿ ಒಂದು ದೇಶದ ಕಾನೂನು, ವ್ಯಾಪಾರ, ದುಡಿಮೆ ಎಲ್ಲವೂ ಸಿಗುತ್ತವೆ.

ಮೊದಲು ಆಕಾರವನ್ನೇ ನೋಡಿ. ಐವತ್ತು, ಅರವತ್ತರ ದಶಕದ ಅಮೆರಿಕದ ಎಷ್ಟೋ ದೂರದ ಹಾದಿಯ ಟ್ರಕ್‌ಗಳಿಗೆ ಮುಂದೆ ಮೂಗಿಲ್ಲ. ಎಂಜಿನ್ ಮೇಲೆಯೇ ಚಾಲಕನ ಕೋಣೆ ಕೂತಿರುತ್ತದೆ. ಇದು ಚೆಂದಕ್ಕಾಗಿ ಮಾಡಿದ್ದಲ್ಲ. ಟ್ರಕ್ ಮತ್ತು ಟ್ರೈಲರ್ ಸೇರಿ ಇಷ್ಟೇ ಉದ್ದ ಇರಬೇಕೆಂದು ಆಯಾ ರಾಜ್ಯಗಳು ಮಿತಿ ಹಾಕಿದ್ದವು. ಮೂಗು ಮೊಟಕಾದಷ್ಟೂ ಟ್ರೈಲರ್ ಉದ್ದವಾಗುತ್ತಿತ್ತು, ಸರಕು ಹೆಚ್ಚು ಹಿಡಿಯುತ್ತಿತ್ತು. ಆ ಲೆಕ್ಕದಲ್ಲಿ ಇಕ್ಕಟ್ಟು ಅನುಭವಿಸಿದವನು ಎಂಜಿನ್ನಿನ ಕಾವಿನ ಮೇಲೆ ಕೂತ ಚಾಲಕ. 1982ರಲ್ಲಿ ಒಕ್ಕೂಟ ಸರ್ಕಾರದ ಕಾನೂನು ರಾಷ್ಟ್ರೀಯ ಹೆದ್ದಾರಿ ಜಾಲದಲ್ಲಿ ಒಟ್ಟು ಉದ್ದದ ಮಿತಿ ತೆಗೆದುಹಾಕಿತು. ಉದ್ದ ಮೂಗಿನ ಟ್ರಕ್‌ಗಳು ಮತ್ತೆ ರಸ್ತೆ ತುಂಬಿಕೊಂಡವು.

ಇನ್ನು ಬಾಗಿಲು. ಕಂಪನಿಯ ಹೆಸರಿನ ಕೆಳಗೆ ಐಸಿಸಿ ಎಂಬ ಅಕ್ಷರಗಳು, ಪಕ್ಕದಲ್ಲೊಂದು ಸಂಖ್ಯೆ ಕಾಣುತ್ತದೆ. 1935ರ ಮೋಟಾರ್ ಕ್ಯಾರಿಯರ್ ಕಾಯ್ದೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕು ಸಾಗಣೆಯನ್ನು ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್ ಕೈಗೆ ಕೊಟ್ಟಿತು. ಯಾವ ಕಂಪನಿ ಯಾವ ದಾರಿಯಲ್ಲಿ ಯಾವ ಸರಕು ಒಯ್ಯಬೇಕು ಎಂಬುದನ್ನು ಪರವಾನಗಿಯೇ ಹೇಳುತ್ತಿತ್ತು. ಹೋಗುವಾಗ ತುಂಬಿದ ಲಾರಿ ಬರುವಾಗ ಅನುಮತಿಯಿಲ್ಲದೆ ಖಾಲಿ ಬರುವುದೂ ಇತ್ತು. ಕೃಷಿ ಉತ್ಪನ್ನಕ್ಕೆ ಮಾತ್ರ ಈ ಕಟ್ಟಳೆಯಿಂದ ವಿನಾಯಿತಿ. ಹಾಗಾದರೆ ಕೊಯ್ದು, ಹಸನು ಮಾಡಿ, ಮಂಜುಗಟ್ಟಿಸಿದ ಕೋಳಿ ಕೃಷಿ ಉತ್ಪನ್ನವೋ ಕಾರ್ಖಾನೆ ಮಾಲೋ? ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1956ರಲ್ಲಿ ಅದು ಕೃಷಿ ಉತ್ಪನ್ನವೇ ಎಂದು ತೀರ್ಮಾನವಾಯಿತು. ನಗು ಬರುತ್ತದೆ ನಿಜ. ಆದರೆ ಒಬ್ಬ ಲಾರಿ ಮಾಲೀಕನ ಅನ್ನ ಆ ಉತ್ತರದ ಮೇಲೆ ನಿಂತಿತ್ತು.

ಈ ಪರವಾನಗಿಗಳ ನೆರಳಿನಲ್ಲೇ ದೊಡ್ಡ ಕಂಪನಿಗಳು ಬೆಳೆದವು. ಪೋರ್ಟ್‌ಲ್ಯಾಂಡ್‌ನಲ್ಲಿ ಲೀಲ್ಯಾಂಡ್ ಜೇಮ್ಸ್ 1929ರಲ್ಲಿ ಶುರುಮಾಡಿದ ಕನ್ಸಾಲಿಡೇಟೆಡ್ ಫ್ರೈಟ್‌ವೇಸ್ ಅವುಗಳಲ್ಲೊಂದು. ಮಾರುಕಟ್ಟೆಯಲ್ಲಿ ಸಿಗುವ ಲಾರಿಗಳ ತೂಕವೇ ಹೆಚ್ಚೆಂದು ಜೇಮ್ಸ್‌ಗೆ ಅನಿಸಿತ್ತು. ಗಾಡಿಯ ತೂಕ ಇಳಿದಷ್ಟೂ ಸರಕು ಏರುತ್ತದೆ. ಆತ ತನ್ನ ಕಂಪನಿಯಲ್ಲೇ ಅಲ್ಯೂಮಿನಿಯಂ ಬಳಸಿ ಹಗುರ ಟ್ರಕ್ ಕಟ್ಟಿಸಿದ. ಫ್ರೈಟ್‌ಲೈನರ್ ಹುಟ್ಟಿದ್ದು ಹೀಗೆ. 1950ರಲ್ಲಿ ಮೊದಲ ಬಾರಿ ಹೊರಗಿನ ಗಿರಾಕಿಗೆ ಒಂದು ಟ್ರಕ್ ಮಾರಿದರು. 1981ರಲ್ಲಿ ಫ್ರೈಟ್‌ಲೈನರ್ ಜರ್ಮನಿಯ ಡೈಮ್ಲರ್-ಬೆಂಜ್ ಪಾಲಾಯಿತು. ಇಂದು ಚೆನ್ನೈ ಬಳಿಯ ಒರಗಡಂ ಕಾರ್ಖಾನೆಯಲ್ಲೋ ಬೆಂಗಳೂರಿನ ಡೈಮ್ಲರ್ ಟ್ರಕ್ ತಂತ್ರಜ್ಞಾನ ಕೇಂದ್ರದಲ್ಲೋ ದುಡಿಯುವ ಕನ್ನಡಿಗ ಎಂಜಿನಿಯರುಗಳಿಗೆ ಫ್ರೈಟ್‌ಲೈನರ್ ತಮ್ಮದೇ ಸಮೂಹದ ಹೆಸರು. ಅದನ್ನು ಹೆತ್ತ ಸಾಗಣೆ ಕಂಪನಿಯ ಹೆಸರು ಗೊತ್ತಿರುವವರು ಕಡಿಮೆ.

ಗೊತ್ತಿಲ್ಲದಿರಲು ಕಾರಣವೂ ಇದೆ. ಆ ಕಂಪನಿ ಈಗಿಲ್ಲ. 2002ರ ಸೆಪ್ಟೆಂಬರಿನಲ್ಲಿ, ಅಮೆರಿಕ ಕಾರ್ಮಿಕರ ದಿನ ಆಚರಿಸುವ ವಾರಾಂತ್ಯದಲ್ಲೇ ಕನ್ಸಾಲಿಡೇಟೆಡ್ ಫ್ರೈಟ್‌ವೇಸ್ ಬಾಗಿಲು ಹಾಕಿತು. 15 ಸಾವಿರಕ್ಕೂ ಹೆಚ್ಚು ಮಂದಿ ಮನೆಗೆ ಹೋದರು.

ಇದಕ್ಕೆ ಇಪ್ಪತ್ತೆರಡು ವರ್ಷ ಹಿಂದೆ ಹೋಗಬೇಕು. 1980ರ ಜುಲೈ 1ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೊಸ ಮೋಟಾರ್ ಕ್ಯಾರಿಯರ್ ಕಾಯ್ದೆಗೆ ಸಹಿ ಹಾಕಿದರು. ಹಳೆಯ ಪರವಾನಗಿ ಕೋಟೆ ಬಹುಪಾಲು ಬಿತ್ತು. 1980ರಲ್ಲಿ ಸುಮಾರು 18 ಸಾವಿರವಿದ್ದ ಪರವಾನಗಿ ಪಡೆದ ಸಾಗಣೆದಾರರ ಸಂಖ್ಯೆ 1990ರ ವೇಳೆಗೆ 40 ಸಾವಿರ ದಾಟಿತು. ಸಾಗಣೆ ದರ ಇಳಿಯಿತು, ಹೊಸಬರಿಗೆ ದಾರಿ ತೆರೆಯಿತು. ಇದು ಒಳ್ಳೆಯದೇ. ಆದರೆ ಹಳೆಯ ಕಂಪನಿಗಳು ಸಾಲುಸಾಲಾಗಿ ಉರುಳಿದವು. 1934ರಲ್ಲಿ ಒಂದು ಹಳೆಯ ಲಾರಿಯಿಂದ ಶುರುಮಾಡಿ, ಮುಂದೆ 1956ರಲ್ಲಿ 58 ಕಂಟೇನರ್‌ಗಳನ್ನು ಹಡಗಿಗೇರಿಸಿ ಜಗತ್ತಿನ ವ್ಯಾಪಾರದ ರೂಪ ಬದಲಿಸಿದ ಮಾಲ್ಕಮ್ ಮೆಕ್ಲೀನ್ ಕಟ್ಟಿದ್ದ ಲಾರಿ ಕಂಪನಿಯೂ 1986ರಲ್ಲಿ ಮುಳುಗಿತು. ಅಷ್ಟರಲ್ಲಿ ಅದು ಮೆಕ್ಲೀನ್ ಕೈಬಿಟ್ಟು ಮೂವತ್ತು ವರ್ಷವಾಗಿತ್ತು. ಮುಂಬೈ, ಚೆನ್ನೈ ಬಂದರಿನ ಸುತ್ತ ಕೆಲಸ ಮಾಡುವ ನಮ್ಮವರು ದಿನಾ ನೋಡುವ ಆ ಪೆಟ್ಟಿಗೆಗಳ ಮೂಲ ಒಬ್ಬ ಲಾರಿಯವನ ತಲೆಯಲ್ಲಿತ್ತು.

ಯೆಲ್ಲೋ ಕತೆ ಸ್ವಲ್ಪ ಬೇರೆ. ಅದು 1980ರ ಪೈಪೋಟಿಯನ್ನು ದಾಟಿತು. 2003ರಲ್ಲಿ ರೋಡ್‌ವೇ, 2005ರಲ್ಲಿ ಯುಎಸ್‌ಎಫ್ ಎಂದು ಪ್ರತಿಸ್ಪರ್ಧಿಗಳನ್ನೇ ಕೊಂಡಿತು. ಸಾಲ ಹೊತ್ತ ಮೇಲೆ 2008ರ ಆರ್ಥಿಕ ಕುಸಿತ ಬಂತು. 2020ರಲ್ಲಿ ಸರ್ಕಾರವೇ 70 ಕೋಟಿ ಡಾಲರ್ ಸಾಲ ಕೊಟ್ಟು ನಿಲ್ಲಿಸಿತು. ಕೊನೆಗೆ ಕಾರ್ಮಿಕ ಸಂಘದೊಂದಿಗೆ ಜಗಳವೂ ಸೇರಿತು. ತಪ್ಪು ಯಾರದೆಂದು ಎರಡೂ ಕಡೆಯವರು ಬೊಟ್ಟು ಮಾಡಿಕೊಂಡರು. ಆ ಹೊತ್ತಿಗೆ ಗಿರಾಕಿಗಳು ಸರಕನ್ನು ಬೇರೆಯವರಿಗೆ ಕೊಟ್ಟಾಗಿತ್ತು.

ಇಷ್ಟೆಲ್ಲದರ ನಡುವೆ ಚಾಲಕನಿಗೆ ಉಳಿದದ್ದೇನು? 1964ರಲ್ಲಿ ಟೀಮ್‌ಸ್ಟರ್ಸ್ ನಾಯಕ ಜಿಮ್ಮಿ ಹೋಫಾ ದೇಶಕ್ಕೆಲ್ಲ ಅನ್ವಯಿಸುವ ಒಂದೇ ವೇತನ ಒಪ್ಪಂದ ಮಾಡಿಸಿದ್ದ. ಸುಮಾರು 4 ಲಕ್ಷ ಕಾರ್ಮಿಕರು ಅದರಡಿ ಬಂದರು. ಹೋಫಾನ ಹೆಸರಿಗೆ ಅಂಟಿದ ಕಳಂಕ ಸಣ್ಣದಲ್ಲ, ಅವನು ಜೈಲಿಗೂ ಹೋದ. ಆದರೂ ಲಾರಿ ಓಡಿಸುವವನು ಮನೆ ಕಟ್ಟಿ ಮಕ್ಕಳನ್ನು ಓದಿಸಬಹುದು ಎಂಬಂತಾದದ್ದು ಆ ಕಾಲದಲ್ಲಿ. ಕಂಪನಿಗಳು ಮುಚ್ಚಿದಂತೆ ಪಿಂಚಣಿ ನಿಧಿಗೆ ಹಣ ಕಟ್ಟುವವರು ಕಡಿಮೆಯಾದರು. ಸೆಂಟ್ರಲ್ ಸ್ಟೇಟ್ಸ್ ಎಂಬ ದೊಡ್ಡ ನಿಧಿ ಬರಿದಾಗುವ ಸ್ಥಿತಿಗೆ ಬಂತು. 2022ರ ಡಿಸೆಂಬರಿನಲ್ಲಿ ಸರ್ಕಾರ ಸುಮಾರು 3,600 ಕೋಟಿ ಡಾಲರ್ ಕೊಡದಿದ್ದರೆ ಸುಮಾರು ಮೂರೂವರೆ ಲಕ್ಷ ಮಂದಿಯ ಪಿಂಚಣಿ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತಿತ್ತು. ಮುಚ್ಚಿದ ಕಂಪನಿಯ ಹೆಸರನ್ನು ಮತ್ತೆ ಬಾಗಿಲ ಮೇಲೆ ಬರೆಸುವವರು ಆ ಮಾಲೀಕರ ನೆನಪಿಗೆ ಬರೆಸುತ್ತಾರೆಂದು ನನಗೆ ಅನಿಸುವುದಿಲ್ಲ. ತಾವು ದುಡಿದ ಮೂವತ್ತು ವರ್ಷಕ್ಕೆ ಇನ್ನೊಂದು ಸಾಕ್ಷಿ ಇಲ್ಲ, ಅದಕ್ಕೆ ಬರೆಸುತ್ತಾರೆ.

ಈ ಮಾತು ಹೊರನಾಡಿನಲ್ಲಿ ದುಡಿಯುವ ನಮಗೆ ಅರ್ಥವಾಗಬೇಕು. ನವಿ ಮುಂಬೈನ ಕಳಂಬೋಲಿಯಲ್ಲಿ, ಪುಣೆಯ ನಿಗಡಿಯಲ್ಲಿ, ಚೆನ್ನೈನ ಮಾಧವರಂನಲ್ಲಿ ಕೆಎ 16, ಕೆಎ 25 ನಂಬರಿನ ಲಾರಿ ಕಂಡರೆ ನಮ್ಮ ಕಣ್ಣು ತಾನಾಗಿ ಬಾಗಿಲಿನತ್ತ ಹೋಗುತ್ತದೆ. ಅಲ್ಲಿ ಮಾಲೀಕನ ಹೆಸರು, ಊರು, ಖಾಲಿ ಗಾಡಿಯ ತೂಕ ಬರೆದಿರುತ್ತದೆ. ನೆತ್ತಿಯ ಮೇಲೆ ನ್ಯಾಷನಲ್ ಪರ್ಮಿಟ್. ನಮ್ಮ ಲಾರಿಯೂ ಕಾನೂನಿನ ಪುಟವೇ. ವಿಜಯ ಸಂಕೇಶ್ವರರು 1976ರಲ್ಲಿ ಗದಗದಿಂದ ಒಂದೇ ಲಾರಿಯಲ್ಲಿ ಶುರುಮಾಡಿದ್ದು ಇಂದು ಹುಬ್ಬಳ್ಳಿಯ ವಿಆರ್‌ಎಲ್ ಆಗಿ ದೇಶವಿಡೀ ಓಡುತ್ತಿದೆ. ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜತೆ ಸೇರಿ 1954ರಿಂದ ಜಮ್ಶೆಡ್‌ಪುರದಲ್ಲಿ ಕಟ್ಟಿದ ಟಾಟಾ ಮರ್ಸಿಡಿಸ್ ಲಾರಿಗಳು ಅಡಿಕೆ, ಮೆಣಸಿನಕಾಯಿ, ಹತ್ತಿ ಹೊತ್ತು ನಮ್ಮ ಘಾಟಿಗಳನ್ನು ಇಳಿದವು. ಅವುಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವ ಒಂದನ್ನು ನಮ್ಮ ಮಕ್ಕಳಿಗೆ ಎಲ್ಲಿ ತೋರಿಸೋಣ?

ಇಲ್ಲಿ ನಮ್ಮ ಕಾನೂನಿನ ಒಂದು ಲೋಪ ಹೇಳಲೇಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ 'ವಿಎ' ಅಕ್ಷರವಿರುವ ನಂಬರ್ ಫಲಕ ಸಿಗುತ್ತದೆ. ಆದರೆ ಆ ವ್ಯಾಖ್ಯೆಯೊಳಗೆ ಬರುವುದು ದ್ವಿಚಕ್ರ ವಾಹನಗಳು ಮತ್ತು ಕಾರುಗಳು ಮಾತ್ರ. ಸರಕು ಹೊತ್ತ ಲಾರಿಗೆ ಜಾಗವಿಲ್ಲ. ಅದೇ ವರ್ಷ ಗುಜರಿ ನೀತಿಯೂ ಬಂತು. ಅಂದರೆ ರಾಜರ ಕಾರು ಪರಂಪರೆ, ಲಾರಿ ಬರೀ ಕಬ್ಬಿಣ.

ಹೊಗೆ ಉಗುಳುವ ಹಳೆಯ ಲಾರಿಗಳು ರಸ್ತೆಯಿಂದ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಬಾಡಿಗೆಗೆ ಓಡಿಸಲು ಬಿಡಿ ಎಂದು ಯಾರೂ ಕೇಳುತ್ತಿಲ್ಲ. ವಿಂಟೇಜ್ ಕಾರಿಗೆ ಇರುವಂತೆಯೇ, ಪ್ರದರ್ಶನಕ್ಕೆ ಮತ್ತು ಮೇಳಕ್ಕೆ ಮಾತ್ರ ಎಂಬ ಷರತ್ತಿನ ಮೇಲೆ ಸರಕು ವಾಹನಗಳನ್ನೂ ಆ ನಿಯಮಕ್ಕೆ ಸೇರಿಸಿದರೆ ಸಾಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ವ್ಯಾಖ್ಯೆಯಲ್ಲಿ ಒಂದು ಸಾಲಿನ ತಿದ್ದುಪಡಿ ಸಾಕು. ಕರ್ನಾಟಕದ ಲಾರಿ ಮಾಲೀಕರ ಸಂಘಗಳು ಈ ಬೇಡಿಕೆ ಎತ್ತಬಹುದು. ಹೊರನಾಡಿನ ಕನ್ನಡ ಸಂಘಗಳು ಇನ್ನೂ ಸುಲಭದ ಕೆಲಸ ಮಾಡಬಹುದು. ಈ ಊರುಗಳಿಗೆ ನಲವತ್ತು ವರ್ಷ ಸರಕು ತಂದು ಇಲ್ಲೇ ನೆಲೆಸಿದ ಚಾಲಕರು ನಮ್ಮ ನಡುವೆ ಇದ್ದಾರೆ. ಅವರು ಯಾವ ಗಾಡಿ ಓಡಿಸಿದರು, ಯಾವ ಚೆಕ್‌ಪೋಸ್ಟಿನಲ್ಲಿ ಎಷ್ಟು ರಾತ್ರಿ ಕಾದರು, ಎಷ್ಟು ಸಂಬಳ ಸಿಕ್ಕಿತು, ವಯಸ್ಸಾದ ಮೇಲೆ ಏನು ಉಳಿಯಿತು ಎಂದು ಕೇಳಿ ಬರೆದಿಡಬಹುದು. ರಾಜ್ಯೋತ್ಸವದ ವೇದಿಕೆಗೆ ಈ ವರ್ಷ ಅಂಥ ಒಬ್ಬರನ್ನು ಕರೆಯಿರಿ. ಅವರು ಓಡಿಸಿದ ಲಾರಿ ಗುಜರಿ ಸೇರಿರಬಹುದು, ಬಾಗಿಲ ಮೇಲೆ ಏನು ಬರೆದಿತ್ತು ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ.