ಮನೆಯ ಗಾಡಿ: ಕೆಂಪು ತೈಲದ ವಿಚಾರ

ಹೋದ ತಿಂಗಳು ಟೈರುಗಳ ಗಾಳಿಯ ವಿಷಯವಾಗಿ ಬರೆದಿದ್ದೆನಷ್ಟೆ. ಅದನ್ನೋದಿದ ನಮ್ಮ ಭಾವನವರು ತೀರ್ಥಹಳ್ಳಿಯಿಂದ ಫೋನು ಮಾಡಿ, "ಟೈರಿನ ಮಾತು ಹಾಗಿರಲಿ ಮಾರಾಯ, ಗೇರ್‌ಬಾಕ್ಸಿಗೆ ಯಾವ ಆಯಿಲ್ ಹಾಕಬೇಕೆಂಬುದನ್ನು ನೀನು ಮೊದಲೇ ಬರೆದಿದ್ದರೆ ನನ್ನ ಹಣ ಉಳಿಯುತ್ತಿತ್ತು" ಎಂದು ಆಕ್ಷೇಪಿಸಿದರು. ಆಕ್ಷೇಪಣೆಯು ನ್ಯಾಯವಾದುದೇ ಆಗಿರುವುದರಿಂದ ಈ ಸಲ ಅದನ್ನೇ ಎತ್ತಿಕೊಂಡಿರುವೆನು.

ನಡೆದುದಿಷ್ಟು. ಮಂಡಿನೋವಿನ ದೆಸೆಯಿಂದ ಭಾವನವರು ಕ್ಲಚ್ಚು ತುಳಿಯುವ ಗಾಡಿಯನ್ನು ಮಾರಿ, ತಾನಾಗಿಯೇ ಗೇರು ಬದಲಿಸಿಕೊಳ್ಳುವ ಗಾಡಿಯೊಂದನ್ನು ಮತ್ತೊಬ್ಬರ ಕೈಯಿಂದ ಕೊಂಡರು. ಕೊಂಡ ಹೊಸತರಲ್ಲಿಯೇ ಅದನ್ನು ಗ್ಯಾರೇಜಿಗೆ ಒಯ್ದು, "ಗೇರ್‌ಬಾಕ್ಸಿನ ಆಯಿಲ್ ಬದಲಿಸಿಬಿಡಿ, ಒಳ್ಳೆಯದನ್ನೇ ಹಾಕಿ" ಎಂದರು. ಗ್ಯಾರೇಜಿನವರೂ ಒಳ್ಳೆಯದನ್ನೇ ಹಾಕಿದರು. ಡಬ್ಬಿಯ ಮೇಲೆ 'ಫುಲ್ಲಿ ಸಿಂಥೆಟಿಕ್' ಎಂದು ದಪ್ಪಕ್ಷರಗಳಲ್ಲಿ ಬರೆದಿದ್ದಿತು. ಬೆಲೆಯೂ ಆ ಅಕ್ಷರಗಳಿಗೆ ತಕ್ಕಂತೆಯೇ ಇದ್ದಿತು. ಎರಡು ವಾರ ಕಳೆಯುವುದರೊಳಗೆ ಆಗುಂಬೆಯ ಘಾಟಿಯನ್ನು ಹತ್ತುವಾಗ ಗಾಡಿಯು ನಡುಗಲಾರಂಭಿಸಿ, ಒಳಗಿನಿಂದ ಸಣ್ಣದೊಂದು ಕೂಗು ಕೇಳಿಸತೊಡಗಿತು. ವಿಚಾರಿಸಿ ನೋಡಲಾಗಿ, ಗಾಡಿಯಲ್ಲಿದ್ದುದು ಸಿ.ವಿ.ಟಿ. ಎಂಬ ಜಾತಿಯ ಪೆಟ್ಟಿಗೆ. ಒಳಗೆ ಸುರಿದುದು ಬೇರೊಂದು ಜಾತಿಯ ಪೆಟ್ಟಿಗೆಗಾಗಿ ಸಿದ್ಧಪಡಿಸಿದ ತೈಲ. ತೈಲದಲ್ಲಿ ಯಾವ ದೋಷವೂ ಇರಲಿಲ್ಲ. ಆ ಗಾಡಿಗೆ ಮಾತ್ರ ಅದು ಅಪಥ್ಯ.

ನಾವು 'ಆಟೋಮ್ಯಾಟಿಕ್' ಎಂಬ ಒಂದೇ ಹೆಸರಿನಿಂದ ಕರೆಯುವ ಗಾಡಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಯಂತ್ರಗಳುಂಟು. ಮೊದಲನೆಯದು ಟಾರ್ಕ್ ಕನ್ವರ್ಟರ್ ಇರುವ ಹಳೆಯ ಸಂಪ್ರದಾಯದ ಪೆಟ್ಟಿಗೆ. 1905ರಲ್ಲಿ ಜರ್ಮನಿಯ ಹರ್ಮನ್ ಫೊಟಿಂಗರ್ ಎಂಬ ಎಂಜಿನಿಯರರು ಹಡಗುಗಳಿಗಾಗಿ ಕಲ್ಪಿಸಿದ ತತ್ತ್ವವೇ ಇದರ ಮೂಲ. ಎದುರುಬದುರಾಗಿ ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಮತ್ತೊಂದು ತಿರುಗುವಂತೆ, ಇಲ್ಲಿ ಎಂಜಿನ್ನಿನ ಬಲವು ತೈಲದ ಮೂಲಕವೇ ಚಕ್ರಗಳ ಕಡೆಗೆ ಸಾಗುವುದು. ಎ.ಟಿ.ಎಫ್. ಎಂದು ಅಂಗಡಿಗಳಲ್ಲಿ ದೊರೆಯುವ ಕೆಂಪು ತೈಲವು ಈ ಪೆಟ್ಟಿಗೆಯದು. ಎರಡನೆಯದು ಸಿ.ವಿ.ಟಿ.; ಇದರಲ್ಲಿ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿಯೊಂದು ಓಡುತ್ತಿರುತ್ತದೆ. ಮೂರನೆಯದು ಎರಡು ಕ್ಲಚ್ಚುಗಳುಳ್ಳ ಡಿ.ಸಿ.ಟಿ. ನಾಲ್ಕನೆಯದು 2014ರಲ್ಲಿ ಮಾರುತಿಯವರ ಸೆಲೆರಿಯೋ ಗಾಡಿಯೊಡನೆ ನಮ್ಮ ದೇಶದಲ್ಲಿ ಪ್ರಚಾರಕ್ಕೆ ಬಂದ ಎ.ಎಂ.ಟಿ. ಈ ಕೊನೆಯದು ಹೆಸರಿಗೆ ಆಟೋಮ್ಯಾಟಿಕ್ ಆದರೂ ಒಳಗಿರುವುದು ಸಾಧಾರಣ ಗೇರ್‌ಬಾಕ್ಸೇ; ನಮ್ಮ ಕಾಲಿನ ಮತ್ತು ಕೈಯ ಕೆಲಸವನ್ನು ಒಂದು ಸಣ್ಣ ಯಂತ್ರವು ವಹಿಸಿಕೊಂಡಿದೆ, ಅಷ್ಟೆ. ಅದರ ಗೇರುಗಳಿಗೆ ಬೇಕಾದುದು ಗೇರ್ ಆಯಿಲ್ಲೇ ಹೊರತು ಎ.ಟಿ.ಎಫ್. ಅಲ್ಲ. ಆದುದರಿಂದ ತೈಲವನ್ನು ಆರಿಸುವುದಕ್ಕೆ ಮೊದಲು ನಿಮ್ಮ ಮನೆಯ ಗಾಡಿಯು ಈ ನಾಲ್ಕರಲ್ಲಿ ಯಾವುದೆಂಬುದನ್ನು ತಿಳಿದುಕೊಳ್ಳತಕ್ಕುದು.

ಇನ್ನು 'ಸಿಂಥೆಟಿಕ್' ಎಂಬ ಮಾತಿನ ಅರ್ಥವೇನು? ನೆಲದಿಂದ ತೆಗೆದ ಎಣ್ಣೆಯನ್ನು ಬರಿದೆ ಶುದ್ಧಿಮಾಡದೆ, ಸಣ್ಣ ಅಣುಗಳನ್ನು ಹೂಮಾಲೆಯಂತೆ ಪೋಣಿಸಿ ಕಟ್ಟಿದ ತೈಲವೆಂಬುದು ಇದರ ಮೊದಲಿನ ಅರ್ಥ. ಪಾಲಿ ಆಲ್ಫಾ ಓಲಿಫಿನ್ ಎಂಬುದು ಅಂಥದು. ಆದರೆ ಭೂಗರ್ಭದ ಎಣ್ಣೆಯನ್ನೇ ಹೆಚ್ಚಿನ ಒತ್ತಡದಲ್ಲಿ ಜಲಜನಕದೊಡನೆ ಸೇರಿಸಿ ಮಾರ್ಪಡಿಸಿದ ತೈಲಕ್ಕೂ ಈ ಹೆಸರನ್ನು ಇಡಬಹುದೇ ಎಂಬ ವ್ಯಾಜ್ಯವು ಅಮೆರಿಕೆಯಲ್ಲಿ ಎಂಜಿನ್ ಆಯಿಲ್ಲಿನ ಸಂಬಂಧವಾಗಿ ಹುಟ್ಟಿತು. ಮೊಬಿಲ್ ಕಂಪನಿಯು ಕ್ಯಾಸ್ಟ್ರಾಲ್ ಕಂಪನಿಯ ಮೇಲೆ ತಂದ ಆ ದೂರನ್ನು ಜಾಹೀರಾತುಗಳ ಸತ್ಯಾಸತ್ಯವನ್ನು ಪರಿಶೀಲಿಸುವ ಮಂಡಲಿಯೊಂದು ವಿಚಾರಿಸಿ, ಇಡಬಹುದೆಂದು 1999ರಲ್ಲಿ ತೀರ್ಮಾನಿಸಿತು. ಅಂದಿನಿಂದ ಈ ಎರಡೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಲಿವೆ. ಆದಕಾರಣ ಡಬ್ಬಿಯ ಮೇಲಿನ ಆ ಪದವೊಂದರಿಂದಲೇ ಒಳಗಿರುವ ಪದಾರ್ಥವು ಇಂಥದೇ ಎಂದು ಹೇಳಲಾಗದು.

ಹಾಗೆಂದು ಸಿಂಥೆಟಿಕ್ ತೈಲದಲ್ಲಿ ಗುಣವಿಲ್ಲವೆಂದು ತಿಳಿಯಬಾರದು. ಅದು ಬೇಗನೆ ಕಮರುವುದಿಲ್ಲ. ಗೇರುಗಳ ಅರೆತಕ್ಕೆ ಸಿಕ್ಕಿ ಬೇಗನೆ ತೆಳ್ಳಗಾಗುವುದೂ ಇಲ್ಲ. ಹಿಮ ಬೀಳುವ ಸೀಮೆಗಳಲ್ಲಿಯೂ ಅದು ಸರಾಗವಾಗಿ ಹರಿಯುತ್ತದೆಂದು ಮಾರುವವರು ಹೊಗಳುತ್ತಾರೆ. ಚಿತ್ರದುರ್ಗದಲ್ಲಿಯೋ ಮಂಗಳೂರಿನಲ್ಲಿಯೋ ಇರುವವರಿಗೆ ಅದರಿಂದೇನೂ ಲಾಭವಿಲ್ಲ. ಶಾಖವನ್ನು ತಡೆಯುವ ಗುಣವು ಮಾತ್ರ ನಮಗೆ ನಿಜವಾಗಿಯೂ ಬೇಕು. ಘಾಟಿಗಳಲ್ಲಿಯೂ ಬೆಂಗಳೂರಿನ ಸಂದಣಿಯಲ್ಲಿಯೂ ಗಾಡಿಯು ಮೆಲ್ಲಗೆ ಸಾಗುತ್ತಿರುವಾಗ ಈ ಪೆಟ್ಟಿಗೆಯ ತೈಲವು ಬಹಳ ಕಾಯುತ್ತದೆ.

ಆದರೆ ತೈಲದ ಯೋಗ್ಯತೆಯನ್ನು ನಿರ್ಣಯಿಸುವುದು ಅದರ ಮೂಲವಸ್ತುವೊಂದೇ ಅಲ್ಲ, ಅದರಲ್ಲಿ ಬೆರಸಿದ ಮದ್ದುಗಳೂ ಹೌದು. ಈ ತೈಲಕ್ಕೆ ಒಂದು ವಿಚಿತ್ರವಾದ ಧರ್ಮಸಂಕಟವುಂಟು: ಗೇರುಗಳು ಜಾರಬೇಕು, ಅದೇ ತೈಲದಲ್ಲಿ ಮುಳುಗಿರುವ ಕ್ಲಚ್ಚುಗಳು ಹಿಡಿಯಬೇಕು. ಹಿಡಿತವು ಹೆಚ್ಚಾದರೆ ಗೇರು ಬೀಳುವಾಗ ಧಕ್ಕೆಯಾಗುತ್ತದೆ. ಕಡಮೆಯಾದರೆ ಕ್ಲಚ್ಚು ಜಾರಿ ಸುಟ್ಟುಹೋಗುತ್ತದೆ. ಈ ಹದಕ್ಕಾಗಿ ಹಿಂದೆ ಸ್ಪರ್ಮ್ ಎಂಬ ಜಾತಿಯ ತಿಮಿಂಗಿಲದ ಎಣ್ಣೆಯನ್ನು ಬೆರಸುತ್ತಿದ್ದರೆಂದರೆ ವಾಚಕರಿಗೆ ಆಶ್ಚರ್ಯವಾದೀತು. 1970ರಲ್ಲಿ ಅಮೆರಿಕೆಯ ಸರ್ಕಾರವು ಆ ಪ್ರಾಣಿಯನ್ನು ಅಳಿವಿನ ಅಂಚಿನಲ್ಲಿರುವವುಗಳ ಪಟ್ಟಿಗೆ ಸೇರಿಸಲಾಗಿ, ತೈಲದವರು ಬೇರೆ ಮದ್ದುಗಳನ್ನು ಹುಡುಕಬೇಕಾಯಿತು. ಪಾಪ, ಆ ಮೂಕಪ್ರಾಣಿಯು ನಮ್ಮ ಗೇರುಗಳಿಗಾಗಿ ಎಷ್ಟು ತೆತ್ತಿತೋ!

ಒಂದೊಂದು ಕಂಪನಿಯೂ ತನ್ನ ಕ್ಲಚ್ಚುಗಳ ಹದಕ್ಕೆ ಸರಿಯಾಗಿ ತೈಲದ ಲಕ್ಷಣವನ್ನು ಗೊತ್ತುಮಾಡಿ, ಅದಕ್ಕೊಂದು ಹೆಸರನ್ನಿಡುತ್ತದೆ. ಜನರಲ್ ಮೋಟಾರ್ಸ್‌ನವರ ಡೆಕ್ಸ್ರಾನ್, ಫೋರ್ಡಿನವರ ಮರ್ಕಾನ್, ಟೊಯೋಟಾದವರ ಡಬ್ಲ್ಯು.ಎಸ್. ಇವೆಲ್ಲ ಹೀಗೆ ಬಂದವು. ಸಿ.ವಿ.ಟಿ. ಪೆಟ್ಟಿಗೆಗಳಿಗೆ ನಿಸ್ಸಾನಿನವರ ಎನ್.ಎಸ್.-3, ಹೋಂಡಾದವರ ಎಚ್.ಸಿ.ಎಫ್.-2 ಮೊದಲಾದುವು ಬೇರೆಯೇ ಇವೆ. ಏಕೆಂದರೆ ಅಲ್ಲಿ ಉಕ್ಕಿನ ಪಟ್ಟಿಯು ಉಕ್ಕಿನ ರಾಟೆಯನ್ನು ಜಾರದಂತೆ ಕಚ್ಚಿ ಹಿಡಿಯಬೇಕು. ಭಾವನವರ ಗಾಡಿ ಕೂಗಿದ ಕಾರಣವಿದೇ. ಟೊಯೋಟಾದವರಲ್ಲಿಯೇ ಹಳೆಯ ಪೆಟ್ಟಿಗೆಗಳ ಟಿ-4 ಎಂಬ ತೈಲಕ್ಕೂ ಹೊಸದರ ಡಬ್ಲ್ಯು.ಎಸ್. ತೈಲಕ್ಕೂ ಹೊಂದಿಕೆಯಿಲ್ಲ. ಎರಡೂ ಕೆಂಪಗೇ ಇರುತ್ತವೆ. ಬಣ್ಣವೆಂಬುದು ಎಂಜಿನ್ ಆಯಿಲ್ಲಿನಿಂದ ಬೇರೆಯಾಗಿ ಗುರುತಿಸುವುದಕ್ಕಾಗಿ ಹಾಕಿದ ಬಣ್ಣ ಮಾತ್ರ.

ಗಟ್ಟಿಯಾದ ಎಣ್ಣೆಯೇ ಒಳ್ಳೆಯದೆಂಬ ಹಳಬರ ನಂಬಿಕೆಯೂ ಇಲ್ಲಿ ನಡೆಯದು. 2005ರಲ್ಲಿ ಬಂದ ಡೆಕ್ಸ್ರಾನ್-6 ಎಂಬುದು 100 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 6.4 ಸೆಂಟಿಸ್ಟೋಕ್ಸಿಗಿಂತ ಮಂದವಾಗಿರಕೂಡದೆಂದು ನಿಯಮವಿದೆ. ಅದರ ಹಿಂದಿನ ಡೆಕ್ಸ್ರಾನ್-3 ಇದಕ್ಕಿಂತ ಮಂದವಾಗಿದ್ದಿತು. ಹೊಸ ಪೆಟ್ಟಿಗೆಗಳ ಕಿರಿದಾದ ದಾರಿಗಳಿಗೆ ಹುಳಿಗಿಂತ ತಿಳಿಸಾರೇ ಮೇಲು. ಮತ್ತೊಂದು ಸಂಗತಿ: ಡೆಕ್ಸ್ರಾನ್-3ಕ್ಕೆ ಅನುಮತಿ ಕೊಡುವ ಪದ್ಧತಿಯನ್ನು ಜನರಲ್ ಮೋಟಾರ್ಸ್‌ನವರು 2006ರಲ್ಲಿಯೇ ಮುಗಿಸಿದರು. ಆದುದರಿಂದ ಈಗ ಆ ಹೆಸರನ್ನು ಹೊತ್ತು ಬರುವ ಹೊಸ ಡಬ್ಬಿಯನ್ನು ಆ ಕಂಪನಿಯವರು ಪರೀಕ್ಷಿಸಿರುವುದಿಲ್ಲ. ಮಾರುವವನ ಮಾತೇ ಪ್ರಮಾಣ.

ಎಲ್ಲ ಗಾಡಿಗಳಿಗೂ ಆಗುವುದೆಂದು ಇಪ್ಪತ್ತು ಮೂವತ್ತು ಹೆಸರುಗಳನ್ನು ಬೆನ್ನಿನ ಮೇಲೆ ಅಚ್ಚುಹಾಕಿಸಿಕೊಂಡ ಡಬ್ಬಿಗಳೂ ಇವೆ. ಅವುಗಳಲ್ಲಿ 'ಅನುಮತಿ ಪಡೆದುದು' ಎಂಬುದಕ್ಕೂ 'ಉಪಯೋಗಿಸಬಹುದು' ಎಂಬುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಗಾಡಿಯ ಕಂಪನಿಯ ಮಾತು. ಎರಡನೆಯದು ಎಣ್ಣೆಯ ಕಂಪನಿಯ ಮಾತು. ಹಳೆಯ ಗಾಡಿಗೆ, ವಾರಂಟಿಯು ಮುಗಿದಿದ್ದು ಕೈಯೂ ಬಿಗಿಯಾಗಿದ್ದರೆ, ಹೆಸರಾಂತ ಕಂಪನಿಯ ಎರಡನೆಯ ಬಗೆಯ ತೈಲವನ್ನು ಹಾಕಿಸಿದರೆ ನಾನು ತಪ್ಪೆನ್ನುವುದಿಲ್ಲ. ಸಿ.ವಿ.ಟಿ. ಮತ್ತು ಡಿ.ಸಿ.ಟಿ.ಗಳಿಗೆ ಮಾತ್ರ ಈ ಉಳಿತಾಯವು ಬೇಡ. ನೀವು ನೋಡಬೇಕಾದ ಹೆಸರು ಗಾಡಿಯೊಡನೆ ಬಂದ ಕೈಪಿಡಿಯಲ್ಲಿ, ತೈಲಗಳ ಪಟ್ಟಿಯಿರುವ ಪುಟದಲ್ಲಿ ಇರುತ್ತದೆ. ಆ ಪುಟದ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಂಡಿದ್ದರೆ ಗ್ಯಾರೇಜಿನಲ್ಲಿ ವಾದಿಸುವ ಶ್ರಮವಿರುವುದಿಲ್ಲ.

ಈ ತೈಲವನ್ನು ಗಾಡಿಯ ಆಯುಷ್ಯವಿರುವವರೆಗೂ ಬದಲಿಸಬೇಕಾಗಿಲ್ಲವೆಂದು ಕೆಲವು ಕಂಪನಿಗಳು ಹೇಳುವುದುಂಟು. ಆದರೆ ಅನೇಕ ಕಂಪನಿಗಳಿಗೆ ಪೆಟ್ಟಿಗೆಯನ್ನು ಮಾಡಿಕೊಡುವ ಜರ್ಮನಿಯ ಜೆಡ್.ಎಫ್. ಸಂಸ್ಥೆಯವರೇ ತಮ್ಮ ಪೆಟ್ಟಿಗೆಗಳಿಗೆ 80,000ದಿಂದ 1,20,000 ಕಿಲೋಮೀಟರುಗಳೊಳಗೆ, ಇಲ್ಲವೆ 8 ವರ್ಷಕ್ಕೊಮ್ಮೆ ಬದಲಾವಣೆಯನ್ನು ವಿಧಿಸಿದ್ದಾರೆ. ಬದಲಿಸುವಾಗ ಕೆಳಗಿನ ಬಿರಡೆಯನ್ನು ಬಿಚ್ಚಿದರೆ ತೈಲವೆಲ್ಲವೂ ಇಳಿಯುವುದಿಲ್ಲ; ಬಹುಭಾಗವು ಕನ್ವರ್ಟರಿನಲ್ಲಿಯೂ ಕೊಳವೆಗಳಲ್ಲಿಯೂ ನಿಂತಿರುತ್ತದೆ. ತುಂಬುವ ಅಳತೆಯನ್ನೂ ಕೈಪಿಡಿಯು ಹೇಳಿದ ಶಾಖದಲ್ಲಿಯೇ ನೋಡಬೇಕು. ಹೆಚ್ಚಾದರೆ ನೊರೆಯೇಳುವುದು, ಕಡಮೆಯಾದರೆ ಒತ್ತಡವು ಬೀಳುವುದು.

ಭಾವನವರ ಗಾಡಿಗೆ ಸರಿಯಾದ ತೈಲವನ್ನು ಕೆಲವು ದಿನಗಳ ಅಂತರದಲ್ಲಿ ಮೂರು ಸಲ ಇಳಿಸಿ ತುಂಬಿಸಿದ್ದಾಯಿತು. ನಡುಕವು ನಿಂತಿದೆ, ಘಾಟಿಯ ಕೊನೆಯ ತಿರುವುಗಳಲ್ಲಿ ಕೂಗು ಮಾತ್ರ ಈಗಲೂ ಸ್ವಲ್ಪ ಕೇಳಿಸುತ್ತದೆಯಂತೆ. ಅಕ್ಕನವರು ರೇಡಿಯೋ ಹಾಕಿಕೊಳ್ಳುತ್ತಾರೆ. ಖಾಲಿ ಡಬ್ಬಿಗಳನ್ನು ಭಾವನವರು ಬಿಸುಡದೆ ಕೊಟ್ಟಿಗೆಯ ಅಟ್ಟದ ಮೇಲೆ ಸಾಲಾಗಿ ಇಟ್ಟಿರುವರು. ಮುಂದಿನ ಸಲ ಗ್ಯಾರೇಜಿಗೆ ಹೋಗುವಾಗ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುವರಂತೆ.

ಮುಂದಿನ ತಿಂಗಳು ಬ್ರೇಕಿನ ತೈಲದ ವಿಷಯ.