ಬೋಲ್ಟ್ ಕೆಂಪಗಾದರೆ ಸಾಲದು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನಮ್ಮ ಕಾಲೇಜಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಯಾವ ಮೇಜಿನ ಮುಂದೆ ಹೆಚ್ಚು ಜನ ಸೇರುತ್ತಾರೆಂದು ಎಲ್ಲರಿಗೂ ಗೊತ್ತು. ಮೇಜಿನ ಮೇಲೆ ಒಂದು ಬ್ಯಾಟರಿ, ಎರಡು ಮಾಸ್‌ಫೆಟ್, ಒಂದು ತಾಮ್ರದ ಸುರುಳಿ. ಸುರುಳಿಯೊಳಗೆ ಕಬ್ಬಿಣದ ಬೋಲ್ಟ್ ಹಿಡಿದರೆ ಬೆಂಕಿಯೇ ಇಲ್ಲದೆ ಅದು ಕೆಂಪಗಾಗುತ್ತದೆ. ಚಪ್ಪಾಳೆ ಬೀಳುತ್ತದೆ, ಮೊಬೈಲ್‌ಗಳು ಮೇಲೇಳುತ್ತವೆ. ಕೈಯಲ್ಲಿ ಒಯ್ಯಬಹುದಾದ ಈ ಇಂಡಕ್ಷನ್ ಹೀಟರ್ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ. ಅದನ್ನು ಸುಧಾರಿಸುವುದೆಂದರೆ ಇನ್ನೂ ಬೇಗ, ಇನ್ನೂ ಕೆಂಪಗೆ ಕಾಯಿಸುವುದಲ್ಲ. ಹತ್ತನೇ ಸಲ ಒತ್ತಿದಾಗಲೂ, ಬ್ಯಾಟರಿ ಇಳಿದಿರುವಾಗಲೂ, ತಯಾರಿಸಿದವರು ಪಕ್ಕದಲ್ಲಿ ಇಲ್ಲದಿರುವಾಗಲೂ ಅದು ಸುಡದೆ ಕೆಲಸ ಮಾಡುವಂತೆ ಮಾಡುವುದೇ ನಿಜವಾದ ಸುಧಾರಣೆ.

ವಾಣಿಜ್ಯ ವಿಭಾಗದವರಿಗೆ ಸರ್ಕ್ಯೂಟ್ ಬಗ್ಗೆ ಏನು ಮಾತು ಎಂದು ಕೆಲವರು ಕೇಳಬಹುದು. ಈ ವರ್ಷ ವಿಜ್ಞಾನ ವಿಭಾಗದ ಒಂದು ತಂಡ ಖರ್ಚಿನ ಲೆಕ್ಕ ಬರೆಯಲು ನನ್ನನ್ನು ಸೇರಿಸಿಕೊಂಡಿತ್ತು. ಆ ಪುಸ್ತಕದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬಂತು: ಮಾಸ್‌ಫೆಟ್ ಎರಡು, ಮಾಸ್‌ಫೆಟ್ ಎರಡು, ಮಾಸ್‌ಫೆಟ್ ಎರಡು. ಒಂದೇ ಖರ್ಚು ಮೂರು ಸಲ ಬಂದರೆ ಏಕೆ ಎಂದು ಕೇಳಬೇಕು. ಅದು ನಮ್ಮ ವಿಷಯದ ಮೊದಲ ಪಾಠ. ಆ ‘ಏಕೆ’ಗೆ ಉತ್ತರ ಹುಡುಕುವಾಗ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಈ ಯಂತ್ರ ಯಾರಿಗೆ ಬೇಕು? ನನ್ನ ಮಾಮು ಗ್ಯಾರೇಜ್ ನಡೆಸುತ್ತಾರೆ. ತುಕ್ಕು ಹಿಡಿದು ಕಚ್ಚಿಕೊಂಡ ನಟ್ ಪಾನಾಕ್ಕೆ ಬಗ್ಗದಿದ್ದರೆ ಗ್ಯಾಸ್ ಜ್ವಾಲೆ ಹಿಡಿಯಬೇಕು. ಜ್ವಾಲೆಗೆ ನಟ್ ಯಾವುದು, ಪಕ್ಕದ ರಬ್ಬರ್ ಬುಷ್ ಯಾವುದು, ಬ್ರೇಕ್ ಹೋಸ್ ಯಾವುದು ಎಂಬ ಭೇದವಿಲ್ಲ. ಗ್ರೀಸ್ ಇರುವ ಕಡೆ, ಪೆಟ್ರೋಲ್ ಟ್ಯಾಂಕಿನ ಹತ್ತಿರ ಅದನ್ನು ಹಿಡಿಯುವಾಗ ಎದೆ ಹೊಡೆದುಕೊಳ್ಳುತ್ತದೆ. ಕಳೆದ ವರ್ಷ ಅಲ್ಲಿ ಹೆಲ್ಪರ್ ಹುಡುಗನ ಮುಂಗೈ ಸುಟ್ಟು ಹದಿನೈದು ದಿನ ಕೂಲಿ ತಪ್ಪಿತು. ಇಂಡಕ್ಷನ್ ಹೀಟರ್‌ಗೆ ಜ್ವಾಲೆಯಿಲ್ಲ. ಸುರುಳಿಯೊಳಗಿನ ಲೋಹ ಮಾತ್ರ ಕಾಯುತ್ತದೆ, ರಬ್ಬರ್ ನೇರವಾಗಿ ಕಾಯುವುದಿಲ್ಲ. ಹಾಗಾಗಿ ಇದು ಬರೀ ಪ್ರದರ್ಶನದ ಆಟಿಕೆಯಲ್ಲ, ನಮ್ಮ ಓಣಿಯ ಜನರ ಕೈ ಉಳಿಸಬಹುದಾದ ಉಪಕರಣ.

ಕೆಲಸದ ಬಗೆ ಸರಳ. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದರು. ಸುರುಳಿಯಲ್ಲಿ ಸೆಕೆಂಡಿಗೆ ಲಕ್ಷ ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಸಿದರೆ ಒಳಗಿನ ಕಬ್ಬಿಣದಲ್ಲಿ ಸುಳಿಯಂತೆ ಸುತ್ತುವ ಪ್ರವಾಹ ಹುಟ್ಟುತ್ತದೆ, ಕಬ್ಬಿಣ ತಾನೇ ಕಾಯುತ್ತದೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವುದು ಝಡ್‌ವಿಎಸ್ ಎಂಬ ಸರ್ಕ್ಯೂಟ್. ಎರಡು ಮಾಸ್‌ಫೆಟ್‌ಗಳು ಉಯ್ಯಾಲೆಯನ್ನು ಎರಡು ಕಡೆಯಿಂದ ತಳ್ಳುವವರ ಹಾಗೆ ಸರದಿಯಲ್ಲಿ ಆನ್ ಆಗುತ್ತವೆ. ಸುರುಳಿ ಮತ್ತು ಕೆಪಾಸಿಟರ್ ಸೇರಿ ಉಯ್ಯಾಲೆಯ ವೇಗ ನಿರ್ಧರಿಸುತ್ತವೆ. ಸುರುಳಿ 1 ಮೈಕ್ರೋಹೆನ್ರಿ, ಕೆಪಾಸಿಟರ್ 2 ಮೈಕ್ರೋಫ್ಯಾರಡ್ ಇದ್ದರೆ ಅನುರಣನ ಆವರ್ತನ ಸುಮಾರು 112 ಕಿಲೋಹರ್ಟ್ಸ್.

ತೊಂದರೆ ಇರುವುದೂ ಈ ಸರದಿಯಲ್ಲೇ. ಸ್ವಿಚ್ ಹಾಕಿದಾಗ ವೋಲ್ಟೇಜ್ ನಿಧಾನವಾಗಿ ಏರಿದರೆ, ಅಥವಾ ಭಾರ ಬಿದ್ದು ಬ್ಯಾಟರಿ ಕುಸಿದರೆ, ಉಯ್ಯಾಲೆ ತೂಗುವುದೇ ಇಲ್ಲ. ಎರಡೂ ಮಾಸ್‌ಫೆಟ್ ಒಟ್ಟಿಗೆ ಆನ್ ಆಗಿ ನಿಂತುಬಿಡುತ್ತವೆ. ಆಗ ಬ್ಯಾಟರಿಗೆ ಅದು ಶಾರ್ಟ್ ಸರ್ಕ್ಯೂಟ್ ಇದ್ದಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಹೋಗುತ್ತವೆ. ನನ್ನ ಪುಸ್ತಕದಲ್ಲಿ ಪ್ರತಿ ಸಲವೂ ‘ಎರಡು’ ಎಂದೇ ಬರಲು ಇದೇ ಕಾರಣ. ಗೋಡೆಯ ಪ್ಲಗ್‌ನಿಂದ ಬರುವ ದೊಡ್ಡ ಪವರ್ ಸಪ್ಲೈನಲ್ಲಿ ಈ ದೋಷ ಅಡಗಿ ಕೂರಬಹುದು. ಬ್ಯಾಟರಿಯಲ್ಲಿ ಅಡಗುವುದಿಲ್ಲ.

ಲೆಕ್ಕ ಹಾಕಿ ನೋಡಿ. 100 ಗ್ರಾಂ ಕಬ್ಬಿಣವನ್ನು 300 ಡಿಗ್ರಿಯಷ್ಟು ಕಾಯಿಸಲು ಸುಮಾರು 15,000 ಜೂಲ್ ಬೇಕು. 12 ವೋಲ್ಟ್ ಬ್ಯಾಟರಿಯಿಂದ 20 ಆಂಪಿಯರ್ ಎಳೆದರೆ 240 ವಾಟ್. ಅದರಲ್ಲಿ ಅರ್ಧ ಕಬ್ಬಿಣಕ್ಕೆ ಸೇರಿತೆಂದುಕೊಂಡರೂ ಎರಡು ನಿಮಿಷ ಬೇಕು, ಬ್ಯಾಟರಿಯಿಂದ 30,000 ಜೂಲ್ ಖರ್ಚು. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ ಸುಮಾರು 3 ಲಕ್ಷ ಜೂಲ್ ಇದೆ, ಅಂದರೆ ಹತ್ತು ಬೋಲ್ಟ್. ಆದರೆ ಇಷ್ಟು ಜೋರಾಗಿ ಎಳೆದರೆ ಆ ಹತ್ತು ಸಿಗುವುದಿಲ್ಲ. ಒಂದೊಂದು ಬೋಲ್ಟ್‌ಗೂ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ಪ್ರದರ್ಶನದಲ್ಲಿ ನಾವು ತೋರಿಸುವುದು ಮೊದಲ ಬೋಲ್ಟ್. ಮಾಮುವಿಗೆ ಬೇಕಾದದ್ದು ಏಳನೆಯದು.

ಹಾಗಾದರೆ ಏನನ್ನು ಸುಧಾರಿಸಬೇಕು? ನನ್ನ ಪ್ರಕಾರ ಮೊದಲು ಬದಲಾಗಬೇಕಾದದ್ದು ಸ್ವಿಚ್ ಇರುವ ಜಾಗ. 20 ಆಂಪಿಯರ್ ಹರಿಯುವ ದಪ್ಪ ತಂತಿಯಲ್ಲಿ ಸ್ವಿಚ್ ಇಟ್ಟು ಆನ್-ಆಫ್ ಮಾಡುವ ಬದಲು, ಮಾಸ್‌ಫೆಟ್‌ಗಳ ಗೇಟ್‌ಗೆ ಹೋಗುವ ಸಣ್ಣ ವಿದ್ಯುತ್ತನ್ನು ಬೇರೆ ದಾರಿಯಲ್ಲಿ ಕೊಟ್ಟು ಅಲ್ಲಿ ಸ್ವಿಚ್ ಇಡಬೇಕು. ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೊದಲೇ ಸುರುಳಿಗೆ ತಲುಪಿರುತ್ತದೆ. ಗುಂಡಿ ಒತ್ತಿದ ಕೂಡಲೇ ಗೇಟ್ ಎಚ್ಚರವಾಗಿ ಉಯ್ಯಾಲೆ ತೂಗತೊಡಗುತ್ತದೆ. ಅದೇ ಸಣ್ಣ ದಾರಿಯಲ್ಲಿ ಇನ್ನೆರಡು ಕಾವಲುಗಾರರನ್ನು ಕೂರಿಸಬಹುದು. ಬ್ಯಾಟರಿ 11 ವೋಲ್ಟ್‌ಗಿಂತ ಕೆಳಗಿಳಿದರೆ ಗೇಟ್ ಸಪ್ಲೈ ಕಡಿಯುವ ಕಂಪ್ಯಾರೇಟರ್ ಒಂದು. ಹೀಟ್‌ಸಿಂಕ್ 70 ಡಿಗ್ರಿ ದಾಟಿದರೆ ತಾನೇ ಕಡಿಯುವ ಥರ್ಮಲ್ ಸ್ವಿಚ್ ಇನ್ನೊಂದು. ಎರಡೂ ಚಿಕ್ಕ ಭಾಗಗಳು, ದುಬಾರಿಯಲ್ಲ.

ಎರಡನೆಯದು ಫ್ಯೂಸ್. ಫ್ಯೂಸ್ ಹಾಕಿದರೂ ಮಾಸ್‌ಫೆಟ್ ಉಳಿಯುವುದಿಲ್ಲವಲ್ಲ, ಫ್ಯೂಸ್‌ಗಿಂತ ಮೊದಲೇ ಅದು ಸುಡುತ್ತದಲ್ಲ ಎಂಬ ವಾದ ಕೇಳಿದ್ದೇನೆ. ಮಾತು ನಿಜ. ಆದರೆ ಮಾಸ್‌ಫೆಟ್ ಸುಟ್ಟು ಶಾರ್ಟ್ ಆದ ಮೇಲೆ ತಂತಿಗೆ ಬೆಂಕಿ ಹತ್ತದಂತೆ ತಡೆಯುವುದು ಫ್ಯೂಸ್. ಅದು ಇರುವುದು ಮಾಸ್‌ಫೆಟ್‌ಗಾಗಿ ಅಲ್ಲ, ಹಿಡಿದವರ ಕೈಗಾಗಿ. ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರ ಅದು ಇರಲೇಬೇಕು.

ಮೂರನೆಯದು ಕೆಪಾಸಿಟರ್. ಬ್ಯಾಟರಿಯಿಂದ ಬರುವುದು 20 ಆಂಪಿಯರ್ ಆದರೂ ಸುರುಳಿ ಮತ್ತು ಕೆಪಾಸಿಟರ್ ನಡುವೆ ಸುತ್ತುವ ಪ್ರವಾಹ ಅದರ ಹಲವು ಪಟ್ಟು. ಒಂದೇ ದೊಡ್ಡ ಕೆಪಾಸಿಟರ್ ಹಾಕಿದರೆ ಅದು ಕಾದು ಉಬ್ಬುತ್ತದೆ. ಪಾಲಿಪ್ರೊಪಿಲೀನ್ ಜಾತಿಯ 0.33 ಮೈಕ್ರೋಫ್ಯಾರಡ್‌ನ ಆರು ಕೆಪಾಸಿಟರ್‌ಗಳನ್ನು ಸಮಾನಾಂತರವಾಗಿ ದಪ್ಪ ತಾಮ್ರದ ಪಟ್ಟಿಗೆ ಬೆಸೆದರೆ ಹೊರೆ ಆರು ಪಾಲಾಗುತ್ತದೆ.

ಇಷ್ಟು ಹೇಳಿದರೂ ‘24 ವೋಲ್ಟ್ ಕೊಡೋಣ, 48 ಕೊಡೋಣ’ ಎನ್ನುವ ಆಸೆ ಹೋಗುವುದಿಲ್ಲ. ವೋಲ್ಟೇಜ್ ಎರಡು ಪಟ್ಟಾದರೆ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬುದೇನೋ ನಿಜ. ಆದರೆ ಈ ಸರ್ಕ್ಯೂಟ್‌ನಲ್ಲಿ ಮಾಸ್‌ಫೆಟ್ ಮೇಲೆ ಬೀಳುವ ಗರಿಷ್ಠ ವೋಲ್ಟೇಜ್ ಸಪ್ಲೈಯ ಸುಮಾರು 3.14 ಪಟ್ಟು. 12ಕ್ಕೆ 38, 24ಕ್ಕೆ 75, 48ಕ್ಕೆ 150. ಗೇಟ್ ತಾಳುವುದು ಸಾಮಾನ್ಯವಾಗಿ 20 ವೋಲ್ಟ್ ಮಾತ್ರ, ಆದ್ದರಿಂದ ಅಲ್ಲಿ 12 ವೋಲ್ಟ್ ಝೀನರ್ ಬೇಕೇ ಬೇಕು. ಶಕ್ತಿ ಹೆಚ್ಚಿಸಲು ಇದಕ್ಕಿಂತ ಅಗ್ಗದ ದಾರಿ ಸುರುಳಿಯದು. ಅಗಲವಾದ ಸುರುಳಿಯ ನಡುವೆ ಸಣ್ಣ ನಟ್ ಹಿಡಿದರೆ ಕಾಂತಕ್ಷೇತ್ರದ ಬಹುಪಾಲು ಗಾಳಿಪಾಲು. ನಟ್ ಅಳತೆಗೆ ಸುರುಳಿ ಸುತ್ತಿ, ಮೇಲೆ ಫೈಬರ್‌ಗ್ಲಾಸ್ ತೋಳು ಹಾಕಿ ಹತ್ತಿರ ಹಿಡಿದರೆ ಅದೇ ಬ್ಯಾಟರಿಯಲ್ಲಿ ಕೆಲಸ ಬೇಗ ಮುಗಿಯುತ್ತದೆ.

ಇನ್ನೊಂದು ಮಾತು. ಕಚ್ಚಿಕೊಂಡ ನಟ್ ಬಿಡಿಸಲು ಅದು ಕೆಂಪಗಾಗಬೇಕಾಗಿಯೇ ಇಲ್ಲ. 10 ಮಿಲಿಮೀಟರ್ ರಂಧ್ರದ ನಟ್ ಒಳಗಿನ ಬೋಲ್ಟ್‌ಗಿಂತ 300 ಡಿಗ್ರಿ ಹೆಚ್ಚು ಕಾದರೆ ರಂಧ್ರ ಸುಮಾರು 0.036 ಮಿಲಿಮೀಟರ್ ಹಿಗ್ಗುತ್ತದೆ. ತುಕ್ಕಿನ ಹಿಡಿತ ಬಿಡಿಸಲು ಬೇಕಾಗಿರುವುದು ಇಂಥ ಕೂದಲೆಳೆಯ ಹಿಗ್ಗುವಿಕೆ. ಕಬ್ಬಿಣ ಮಂದವಾಗಿ ಕೆಂಪಾಗಿ ಕಾಣುವುದೇ 500 ಡಿಗ್ರಿ ದಾಟಿದ ಮೇಲೆ. ಅಷ್ಟು ಕಾಯಿಸಿದರೆ ಹದಗೊಳಿಸಿದ ಬೋಲ್ಟ್‌ನ ಗಟ್ಟಿತನವೇ ಹಾಳಾಗುತ್ತದೆ. ಅಂದರೆ ನಾವು ಬಹುಮಾನ ಕೊಡುತ್ತಿರುವುದು ಕೆಲಸಕ್ಕೆ ಬೇಡವಾದ ಬಣ್ಣಕ್ಕೆ.

ಇಷ್ಟೆಲ್ಲ ರಕ್ಷಣೆ ಹಾಕಿದರೆ ಖರ್ಚು ಏರುವುದಿಲ್ಲವೇ, ವಿದ್ಯಾರ್ಥಿಗಳ ಹತ್ತಿರ ಹಣ ಎಲ್ಲಿದೆ ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಮೊದಲ ದಿನದ ಖರೀದಿ ಒಂದೇ ಖರ್ಚಲ್ಲ. ಅಕೌಂಟೆನ್ಸಿಯಲ್ಲಿ ನಾವು ಓದುವ ಮುನ್ನೆಚ್ಚರಿಕೆಯ ತತ್ವ ಹೇಳುವುದಿಷ್ಟೇ: ಬರಬಹುದಾದ ನಷ್ಟಕ್ಕೆ ಈಗಲೇ ಅವಕಾಶ ಮಾಡಿಡು, ಕೈಗೆ ಬಾರದ ಲಾಭ ಎಣಿಸಬೇಡ. ವಸೂಲಾಗದ ಸಾಲಕ್ಕೆ ಅವಕಾಶ ಮಾಡಿಡುವ ಹಾಗೆಯೇ ಇಳಿದ ಬ್ಯಾಟರಿಗೂ ಅವಕಾಶ ಮಾಡಿಡಬೇಕು. ಆರು ಮಾಸ್‌ಫೆಟ್ ಸುಟ್ಟ ಮೇಲೆ ಕಂಪ್ಯಾರೇಟರ್ ಕೊಳ್ಳುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಮೂರು ಕೋರಿಕೆ. ಒಂದು, ಮುಂದಿನ ವಸ್ತುಪ್ರದರ್ಶನದಲ್ಲಿ ಎಷ್ಟು ಕೆಂಪಗಾಯಿತು ಎಂಬುದಕ್ಕಲ್ಲ, ಒಂದೇ ಬ್ಯಾಟರಿಯಲ್ಲಿ ಎಷ್ಟು ನಟ್ ಬಿಚ್ಚಿತು, ಬ್ಯಾಟರಿ ಇಳಿದಾಗ ತಾನೇ ನಿಂತಿತೇ ಎಂಬುದಕ್ಕೆ ಅಂಕ ಕೊಡಿ. ಎರಡು, ಪ್ರತಿ ತಂಡವೂ ಖರ್ಚಿನ ಪುಸ್ತಕ ಇಡಲಿ, ಸುಟ್ಟ ಭಾಗಗಳ ಹೆಸರೂ ಕಾರಣವೂ ಅದರಲ್ಲಿರಲಿ. ಆ ಪುಸ್ತಕ ಬರೆಯಲು ವಾಣಿಜ್ಯ ವಿಭಾಗದಲ್ಲಿ ಬೇಕಾದಷ್ಟು ಕೈಗಳಿವೆ. ಮೂರು, ಯಂತ್ರದ ಮೇಲೆ ಬಳಸುವ ಕ್ರಮದ ಚೀಟಿ ಅಂಟಿಸಲಿ: ಉಂಗುರ, ಬಳೆ ತೆಗೆದಿಡಿ, ಪೇಸ್‌ಮೇಕರ್ ಇರುವವರು ದೂರವಿರಿ, ಕಾದ ನಟ್ ಮುಟ್ಟಬೇಡಿ. ಚೀಟಿ ಇಂಗ್ಲಿಷ್‌ನಲ್ಲಷ್ಟೇ ಇದ್ದರೆ ಪ್ರಯೋಜನವಿಲ್ಲ. ಗ್ಯಾರೇಜಿನಲ್ಲಿ ಮಾಮು ಓದುವುದು ಉರ್ದು, ಹೆಲ್ಪರ್ ಹುಡುಗ ಓದುವುದು ಕನ್ನಡ. ಎರಡರಲ್ಲೂ ಬರೆಯಬಲ್ಲ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲಿ ಇದ್ದೇವೆ.

ವಿಜ್ಞಾನ ವಿಭಾಗದ ಗೆಳೆಯರೇ, ಬೋಲ್ಟ್ ಕಾಯಿಸಲು ನಿಮಗೆ ಬರುತ್ತದೆ ಎಂದು ಈಗಾಗಲೇ ತೋರಿಸಿದ್ದೀರಿ. ಇನ್ನು ನೀವು ಮನೆಗೆ ಹೋದ ಮೇಲೂ ಬೇರೆಯವರು ನಂಬಿ ಹಿಡಿಯಬಹುದಾದ ಯಂತ್ರ ಮಾಡಿ. ಲೆಕ್ಕ ಬರೆಯಲು ನಾವು ಬರುತ್ತೇವೆ.